ಬೆಳಕಿಂಡಿಯಿಂದ ಕೊಟ್ಟ ಮಾತು

ಇದನ್ನು ಬರೆಯಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತಲೇ ಬಂದಿದ್ದೇನೆ. ಪ್ರತಿ ಸಲವೂ ಒಂದು ನೆವ ಸಿಗುತ್ತಿತ್ತು. ಮೊದಲು, ಮುಧೋಳದ ಬೀಗತಿ ಬದುಕಿದ್ದಾರೆ, ಅವರೆದುರು ಈ ಮಾತು ಬೇಡ ಎಂದುಕೊಂಡೆ. ಅವರು ಹೋದರು. ಆಮೇಲೆ ನನ್ನ ಹೆಂಡತಿ ಕಸ್ತೂರಿ ನೊಂದುಕೊಳ್ಳುತ್ತಾಳೆ ಎಂದೆ. ಅವಳೂ ಹೋದಳು. ಈಗ ಹೆದರಲು ಯಾರೂ ಉಳಿದಿಲ್ಲ. ನಾಚಿಕೆಯೊಂದು ಉಳಿದಿದೆ. ಈ ವಯಸ್ಸಿನಲ್ಲಿ ಅದನ್ನಾದರೂ ಎಷ್ಟು ದಿನ ಕಾಪಾಡಲಿ.

ನಾನೀಗ ಜಮಖಂಡಿಯಲ್ಲಿರುತ್ತೇನೆ. ಹೋದ ತಿಂಗಳು ಒಬ್ಬ ಹಳೆಯ ಗೆಳೆಯನನ್ನು ಮಾತಾಡಿಸಲು ಬನಹಟ್ಟಿಗೆ ಹೋದವನು ನಮ್ಮ ಹಳೆಯ ಓಣಿಯಲ್ಲಿ ಹಾಯ್ದೆ. ನೂಲಿಗೆ ಹಾಕುವ ಗಂಜಿಯ ಹುಳಿವಾಸನೆ ಹಾಗೆಯೇ ಇದೆ. ಎರಡೂ ಕಡೆಯ ಮನೆಗಳಲ್ಲಿ ಮಗ್ಗಗಳು ಖಟಖಟ ಹೊಡೆದುಕೊಳ್ಳುತ್ತಿದ್ದವು. ನಾನು ನಡುವೆ ಇರುವಾಗ ಕರೆಂಟು ಹೋಯಿತು. ಇಡೀ ಓಣಿ ಒಮ್ಮೆಲೇ ಸುಮ್ಮನಾಯಿತು. ಆ ಓಣಿಯಲ್ಲಿ ಬೆಳೆದವರಿಗೆ ಅಂಥ ಮೌನದಲ್ಲಿ ಕಿವಿ ಗುಂಯ್ ಎನ್ನುತ್ತದೆ. ನನ್ನ ಕಿವಿ ಮಾತ್ರ ಒಂದು ದನಿಗಾಗಿ ಕಾಯತೊಡಗಿತು. ಗೋಡೆ ಹಿಡಿದು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಒಂದು ಮಳೆಗಾಲವೆಲ್ಲ ಸಂಜೆ ಟೀವಿ ವಾರ್ತೆಯ ಹೊತ್ತಿಗೆ ನಾನೇ ನಮ್ಮ ಮಗ್ಗಗಳನ್ನು ನಿಲ್ಲಿಸುತ್ತಿದ್ದೆ. ಓದುವವಳು ನನ್ನ ತಂಗಿ.

ಅವಳ ದನಿ ತಯಾರಾದದ್ದು ಆ ಸದ್ದಿನೊಳಗೆ. ಅಪ್ಪನಿಗೆ ನಡುವಯಸ್ಸಿನಲ್ಲಿಯೇ ಕಣ್ಣು ಮಂಜಾಯಿತು. ನೇಯುವುದು ಬಿಡಲಿಲ್ಲ, ಆದರೆ ಪೇಪರು ಓದಲು ಆಗುತ್ತಿರಲಿಲ್ಲ. ಮೊದಮೊದಲು ನಾನು ಓದಿ ಹೇಳುತ್ತಿದ್ದೆ. "ಏನ್ ಗೊಣಗತೀಲೇ, ಮಗ್ಗದ ಸಪ್ಪಳದಾಗ ಒಂದೂ ತಿಳೀವಲ್ದು" ಎಂದು ಅಪ್ಪ ಬೈಯುತ್ತಿದ್ದ. ಆಗಿನ್ನೂ ಲಂಗ ಹಾಕುತ್ತಿದ್ದ ತಂಗಿ ಪೇಪರು ಕಸಿದುಕೊಂಡು ಓದಿದಳು. ಕೂಗಲಿಲ್ಲ. ಒಂದೊಂದು ಅಕ್ಷರವನ್ನೂ ಬಿಡಿಸಿ, ಲಾಳಿ ಆಚೆಯಿಂದ ಈಚೆಗೆ ಬರುವ ಸಂದಿಯಲ್ಲಿ ಮಾತು ಇಡುವಂತೆ ಓದಿದಳು. ಅಪ್ಪ ಮಗ್ಗ ನಿಲ್ಲಿಸದೆಯೇ "ಹಾಂ, ಮುಂದ ಓದವ್ವ" ಎಂದ. ಅಂದಿನಿಂದ ಪೇಪರು ಅವಳದಾಯಿತು.

ಅಪ್ಪ ತೀರಿಕೊಂಡಾಗ ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಮಗ್ಗ ನನ್ನ ಪಾಲಿಗೆ ಬಂತು. ಅವಳು ಜಮಖಂಡಿಯಲ್ಲಿ ಕಾಲೇಜು ಕಲಿತಳು, ಧಾರವಾಡಕ್ಕೆ ಹೋಗಿ ಕನ್ನಡ ಎಂ.ಎ. ಮಾಡಿದಳು, ಬೆಂಗಳೂರಿನಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತ ಟೀವಿ ಕೇಂದ್ರದ ದನಿ ಪರೀಕ್ಷೆಗೆ ಕುಳಿತು ಪಾಸಾದಳು. ನಾನೇ ಓದಿಸಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಅದು ಖರೆ. ಹಾಗೆಯೇ ಅವಳ ಒಂದೊಂದು ಪಾಸಿನ ಸುದ್ದಿ ಬಂದಾಗಲೂ ನನ್ನೊಳಗೆ ಎಲ್ಲೋ ಒಂದು ಎಳೆ ಕಡಿದಂತಾಗುತ್ತಿತ್ತು, ಅದೂ ಖರೆ. ಇದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮೃಗಶಿರಾ ಮಳೆಯ ಮೊದಲ ಹನಿ ಬಿದ್ದ ವಾರವೇ ಅವಳು ಮೊದಲ ಸಲ ಟೀವಿಯಲ್ಲಿ ಕಂಡಳು. ತಿಂಗಳಲ್ಲಿ ನಾಲ್ಕೈದು ದಿನ ಅವಳ ಪಾಳಿ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮಾಳಿಗೆಯ ಮೇಲೆ ಬಿದಿರಿಗೆ ಕಟ್ಟಿದ ಆ್ಯಂಟೆನಾ, ಪಡಸಾಲೆಯಲ್ಲಿ ಕಪ್ಪು ಬಿಳುಪಿನ ಟೀವಿ, ಅದರ ಮುಂದೆ ಅರ್ಧ ಓಣಿ. ಗಾಳಿ ಬೀಸಿದರೆ ಚಿತ್ರ ಹಾರಿಹೋಗುತ್ತಿತ್ತು. ನಾನು ಮೇಲೆ ಹತ್ತಿ ಕೋಲು ತಿರುವಬೇಕು, ಕಸ್ತೂರಿ ಕೆಳಗೆ ನಿಂತು ಬೆಳಕಿಂಡಿಯ ಮೂಲಕ ಕೂಗಬೇಕು. ಬೆಳಕಿಂಡಿ ಎಂದರೆ ನಮ್ಮ ಕಡೆ ಮಾಳಿಗೆಯ ನಡುವೆ ಬೆಳಕಿಗೆಂದು ಬಿಟ್ಟ ಕಿಂಡಿ. "ಬಂತು, ಬಂತು. ಹೋತು. ಸ್ವಲ್ಪ ರಬಕವಿ ಕಡೆ ತಿರುಗಸ್ರಿ. ಹಾಂ, ಬಂದ್ಲು ನೋಡ್ರಿ." ಪರದೆಯ ಕೆಳಭಾಗದಲ್ಲಿ ಅವಳ ಹೆಸರು ಬಂದು ಹೋಗುತ್ತಿತ್ತು. ಓದು ಬಾರದ ಮುದುಕಿಯರೂ ಆ ಅಕ್ಷರಗಳಿಗೆ ಕೈ ಮಾಡಿ ತೋರಿಸುತ್ತಿದ್ದರು.

ಶ್ರಾವಣದ ಹೊತ್ತಿಗೆ ಹೊಸತು ಹಳತಾಯಿತು. ಮಾತು ಶುರುವಾದವು. ಬಜಾರದ ಚಹದ ಅಂಗಡಿಯಲ್ಲಿ ನೂಲಿನ ದಲಾಲಿ ಮಾಡುವ ಒಬ್ಬ ನನ್ನ ವಾರಿಗೆಯವನು ಇದ್ದ. ಒಂದು ಮುಂಜಾನೆ ಎಲ್ಲರ ನಡುವೆ ಅಂದ:

"ನಿನ್ನಿ ನಿನ್ನ ತಂಗಿ ನಮ್ಮ ಮನೀಗಿ ಬಂದಿದ್ಲಪಾ."

"ಆಕಿ ಬೆಂಗಳೂರಾಗ ಅದಾಳಲೇ."

"ಅಲ್ಲೋ, ನಾ ರೊಟ್ಟಿ ತಿನ್ನಾಕತ್ತಿದ್ದೆ, ಎದುರಿಗೇ ಕುಂತು ನನ್ನ ದಿಟ್ಟಿಸಿ ನೋಡಾಕತ್ತಿದ್ಲು. ನಾಚಿಕಿ ಬಂದು ಅಂಗಿ ಹಾಕ್ಕೊಂಡೆ."

"ನಿನ್ನ ಹೇಣ್ತಿ ಏನಂದ್ಲು?" ಎಂದು ಮತ್ತೊಬ್ಬ ಕೇಳಿದ.

"ಆಕಿ ಏನ್ ಅಂತಾಳ? ಇಷ್ಟು ವರ್ಷ ಆತು, ನಾನೂ ನಿನ್ನ ಹಿಂಗ ನೋಡಿಲ್ಲ ನೋಡು ಅಂದ್ಲು."

ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಚಹ ಕುಡಿಯಲಾಗಲಿಲ್ಲ. ನಮ್ಮಲ್ಲಿ ಮದುವೆಯಾಗದ ಹೆಣ್ಣು ಗಂಡಸರೆದುರು ಬಂದರೆ ನೆಲ ನೋಡಬೇಕು. ಇವಳು ಬನಹಟ್ಟಿಯ, ರಬಕವಿಯ, ಬೀಳಗಿಯ ಎಲ್ಲ ಮನೆಗಳ ಗಂಡಸರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಆಮೇಲೆ ಪ್ರತಿ ಪಾಳಿಯ ಮರುದಿನವೂ ಇಂಥದೊಂದು ಮಾತು ನನಗಾಗಿ ಕಾಯುತ್ತಿತ್ತು. ಅವಳಿಗೆ ಗಂಡು ನೋಡಿ ಕೈ ತೊಳೆದುಕೊಳ್ಳಬೇಕು ಎನಿಸಿದ್ದು ಅಲ್ಲಿಯೇ, ಆ ಚಹದ ಅಂಗಡಿಯಲ್ಲಿಯೇ. ತಂಗಿಯ ವಯಸ್ಸು ಮೀರುತ್ತಿದೆ ಎಂದು ಮನೆಯಲ್ಲಿ ಹೇಳಿದೆ.

ನಮ್ಮ ದೂರದ ಸಂಬಂಧಿ ಚನ್ನಪ್ಪ ಕಾಕಾ ಮುಧೋಳದ ಒಂದು ಮನೆತನ ತಂದರು. ಹೊಲಮನೆ ಇದ್ದವರು, ಕಾಳುಕಡಿಯ ಅಡತಿ ಅಂಗಡಿ ಇದ್ದವರು. ಹುಡುಗ ಶಾಂತ ಸ್ವಭಾವದವನು, ತಾಯಿಯ ಮಾತು ಮೀರದವನು. ಹೆಣ್ಣು ನೋಡುವುದು ಹೇಗೆ ಎಂಬ ಪ್ರಶ್ನೆ ಬಂತು. ತಂಗಿಗೆ ಶಾಲೆಯ ರಜೆ ಇರಲಿಲ್ಲ. ಕಾಕಾ ಹೇಳಿದರು: "ಅದಕ್ಕೇನು, ಟೀವ್ಯಾಗ ನೋಡ್ಲಿ. ಹೆಣ್ಣಿಗೆ ಬಸ್ ಚಾರ್ಜಿಲ್ಲ, ಸೀರಿ ಉಡಸೂದಿಲ್ಲ." ನನಗೂ ಸರಿ ಎನಿಸಿತು. ತಂಗಿಗೆ ತಿಳಿಸಲಿಲ್ಲ. ಒಪ್ಪಿದರೆ ಹೇಳಿದರಾಯಿತು ಎಂದುಕೊಂಡೆ.

ಅವಳ ಪಾಳಿಯ ದಿನ ನೋಡಿ ಅವರು ಬಂದರು. ಹುಡುಗ, ಅವನ ತಾಯಿ, ಅಜ್ಜಿ. ಕಸ್ತೂರಿ ಅವಲಕ್ಕಿ ಹಚ್ಚಿದ್ದಳು. ಸಂಜೆ ಆಗುತ್ತಲೇ ಗಾಳಿ ಎದ್ದಿತು, ಮಳೆ ಹಿಡಿಯಿತು. ಇನ್ನೇನು ವಾರ್ತೆ ಶುರುವಾಗಬೇಕು, ಪರದೆಯ ತುಂಬ ಇರುವೆ ಹರಿದಾಡಿದಂತಾಯಿತು. ನಾನು ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಮಾಳಿಗೆ ಹತ್ತಿದೆ. ಕೋಲನ್ನು ಎರಡೂ ಕೈಯಿಂದ ಹಿಡಿದರೆ ಮಾತ್ರ ಚಿತ್ರ ನಿಲ್ಲುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಹಾಗಾಗಿ ನನ್ನ ತಂಗಿಯನ್ನು ಹೆಣ್ಣು ನೋಡುವ ಶಾಸ್ತ್ರಕ್ಕೆ ನಾನು ಮಾಳಿಗೆಯ ಮೇಲೆ ಕೋಲು ತಬ್ಬಿಕೊಂಡು ನಿಂತಿದ್ದೆ. ಕೆಳಗಿನದೆಲ್ಲ ಬೆಳಕಿಂಡಿಯಿಂದ ಕೇಳುತ್ತಿತ್ತು.

ಅಜ್ಜಿ ಕೇಳಿದಳು: "ಅಯ್ಯ, ಬರೇ ಮ್ಯಾಲಿನ ಅರ್ಧ ಕಾಣ್ತೈತಲ್ಲ. ಕಾಲು ನೆಟ್ಟಗದಾವಿಲ್ಲೋ? ಎದ್ದು ನಡಿ ಅಂತ ಹೇಳ್ರಿ."

"ಆಯಿ, ನಾವು ಹೇಳೂದು ಆಕೀಗಿ ಕೇಳಸೂದಿಲ್ರಿ," ಎಂದರು ಕಾಕಾ.

"ಈಗೇ ಕೇಳಸಂಗಿಲ್ಲಂದ್ರ ಮದುವಿ ಆದಮ್ಯಾಲ ಏನ್ ಕೇಳ್ತಾಳ?"

ಎಲ್ಲರೂ ನಕ್ಕರು. ಆಮೇಲೆ ಬಣ್ಣದ ಮಾತು ಬಂತು. ಈ ಪೆಟ್ಟಿಗೆಯಲ್ಲಿ ಎಮ್ಮೆಯೂ ಆಕಳೂ ಒಂದೇ ಬಣ್ಣ ಕಾಣುತ್ತವೆ ಎಂದು ಅಜ್ಜಿ ಅಂದಳು. ಹುಡುಗನ ತಾಯಿಯ ದನಿ ಕೇಳಿದಾಗ ನಗು ನಿಂತಿತು.

"ಹುಡುಗಿ ಲಕ್ಷಣ ಅದಾಳ. ನಾಲಿಗಿ ಸ್ವಚ್ಛ ಐತಿ. ಆದ್ರ ನಮ್ಮ ಮನಿ ಸೊಸಿ ಹಿಂಗ ಊರ ಮಂದಿ ಕಣ್ಣಾಗ ಕಣ್ಣಿಟ್ಟು ನೋಡ್ಕೋತ ಕುಂದ್ರೂದು ನಮಗ ಸರಿಬರಂಗಿಲ್ಲ. ಮದುವಿ ಆದಮ್ಯಾಲ ಇದನ್ನ ಬಿಡ್ತಾಳೇನು?" ಕಾಕಾ ಏನೋ ಹಾರಿಕೆಯ ಮಾತು ಆಡಿದರು. ಆ ತಾಯಿ ಬೆಳಕಿಂಡಿಯ ಕೆಳಗೆ ಬಂದು ನಿಂತು, ಮುಖ ಮೇಲೆತ್ತಿ, ನನ್ನನ್ನೇ ಕೇಳಿದರು: "ಅಣ್ಣಾರ ಬಾಯಿಲೆ ಬರ್ಲಿ. ಬಿಡ್ತಾಳೇನ್ರಿ?"

ಮಳೆಯ ನೀರು ನನ್ನ ಮುಖದಿಂದ ಇಳಿದು ಕಿಂಡಿಯೊಳಗೆ ತೊಟ್ಟಿಕ್ಕುತ್ತಿತ್ತು. ಅವರ ಹಿಂದೆ ತಂಗಿಯ ದನಿ, ಎಲ್ಲೋ ನದಿಗೆ ನೀರು ಬಂದದ್ದನ್ನು ಓದುತ್ತಿತ್ತು. ಕೇಳಿ ಹೇಳುತ್ತೇನೆ ಎನ್ನಬಹುದಿತ್ತು. ಒಂದು ಮಾತು ಸಾಕಿತ್ತು.

"ಬಿಡ್ತಾಳ್ರಿ," ಎಂದು ಕೂಗಿದೆ.

ನಾನು ಕೆಳಗಿಳಿದು ಬರುವಷ್ಟರಲ್ಲಿ ಒಪ್ಪಿಗೆಯ ಸಕ್ಕರೆ ಹಂಚಿ ಮುಗಿದಿತ್ತು.

ಮುಂದಿನ ವಾರ ಬೆಂಗಳೂರಿಗೆ ಹೋದೆ. ಅವಳು ಮತ್ತಿಬ್ಬರು ಹುಡುಗಿಯರ ಜೊತೆ ಒಂದು ಕೋಣೆಯಲ್ಲಿದ್ದಳು. ನನಗೆಂದು ಸ್ಟೋವಿನ ಮೇಲೆ ಜೋಳದ ರೊಟ್ಟಿ ಮಾಡಿದ್ದಳು, ಅಂಚು ಸೀದಿತ್ತು. ಟೀವಿಯಲ್ಲಿ ಉಡುವ ಎರಡು ಒಳ್ಳೆಯ ಸೀರೆ ತೋರಿಸಿದಳು. ಮೇಜಿನ ಕೆಳಗೆ ಯಾರಿಗೂ ಕಾಣುವುದಿಲ್ಲವೆಂದು ಹರಿದ ಚಪ್ಪಲಿಯಲ್ಲಿಯೇ ಓದುತ್ತಾಳಂತೆ. ಮುಧೋಳದ ಸಂಬಂಧದ ಸುದ್ದಿ ತಿಳಿಸುತ್ತ ಹುಡುಗನ ಅಜ್ಜಿಯ ಮಾತೂ ಹೇಳಿದೆ. ಬಿದ್ದು ಬಿದ್ದು ನಕ್ಕಳು. "ಕುಂಟಿ ಅದಾಳ ಅಂತ ಹೇಳಬೇಕಿತ್ತು ಅಣ್ಣಾ" ಎಂದಳು. ಹಾಗೆ ಅವಳು ನಕ್ಕದ್ದು ನಾನು ನೋಡಿದ್ದು ಅದೇ ಕಡೆಯ ಸಲ.

ನಗು ನಿಂತ ಮೇಲೆ ಕೇಳಿದಳು: "ಓದೂದು ಬಿಡು ಅಂದಾರೇನು?"

"ಇಲ್ಲವ್ವ. ನೀ ಓದೂದು ನೋಡೇ ಒಪ್ಪ್ಯಾರ."

"ಖರೆ?"

"ಖರೆ."

ಬೆರಳು ಮಡಚಿ ಲೆಕ್ಕ ಹಾಕಿದಳು. ಶಾಲೆ ಬಿಟ್ಟರಾಯಿತು, ಮುಧೋಳದಿಂದ ತಿಂಗಳಿಗೊಮ್ಮೆ ಬಂದು ನಾಲ್ಕೈದು ದಿನ ಈ ಹುಡುಗಿಯರ ಜೊತೆ ಇದ್ದು ಓದಿ ಹೋದರಾಯಿತು ಎಂದಳು. ಬಜಾರದ ಮಾತು ಇನ್ನೂ ಮರೆತಿರಲಿಲ್ಲ, ತಡೆಯಲಾಗದೆ ಕೇಳಿದೆ: "ಹಂಗ ಎಲ್ಲಾರನ್ನೂ ದಿಟ್ಟಿಸಿ ಯಾಕ ನೋಡ್ತಿ?"

"ಯಾರನ್ನೂ ನೋಡೂದಿಲ್ಲಣ್ಣಾ. ಎದುರಿಗೆ ಒಂದು ಕರೀ ಗಾಜು ಇರ್ತೈತಿ. ಮೊದಲನೇ ದಿನ ಅದನ್ನ ನೋಡಿ ಬಾಯಿ ಒಣಗಿತ್ತು. ಆಮ್ಯಾಲ, ಗಾಜಿನ ಹಿಂದ ನೀ ಮಗ್ಗ ನಿಲ್ಲಿಸಿ ಕುಂತೀ ಅಂತ ತಿಳ್ಕೊಂಡೆ. ಅವತ್ತಿನಿಂದ ನಿನಗಂತನ ಓದಾಕತ್ತೇನಿ."

ಇದನ್ನು ಕೇಳಿದ ಮೇಲೂ ನಾನು ನಿಜ ಹೇಳಲಿಲ್ಲ. ಬಸ್‌ ಹತ್ತಿ ಬಂದೆ.

ಕಸ್ತೂರಿಗೆ ಗೊತ್ತಿತ್ತು. "ನೀವು ಹೇಳಿಲ್ಲಂದ್ರ ನಾ ಹೇಳ್ತೇನ್ರಿ" ಎಂದಳು. ಮದುವೆ ಮುರಿದರೆ ನೀನೇ ಹೊಣೆ ಎಂದೆ. ಅವಳೂ ಹೇಳಲಿಲ್ಲ. ಮದುವೆಯ ಮುಂಚಿನ ಕೊನೆಯ ಪಾಳಿಯ ದಿನ ಮುಧೋಳದವರೂ ತಮ್ಮ ಮನೆಯಲ್ಲಿ ಟೀವಿ ಹಚ್ಚಿದ್ದರಂತೆ. ಅದು ಅವಳ ಕೊನೆಯ ಓದು ಎಂದು ಅವರಿಗೆ ಗೊತ್ತಿತ್ತು, ಕಸ್ತೂರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಓದುತ್ತಿದ್ದವಳಿಗೆ ಮಾತ್ರ ಗೊತ್ತಿರಲಿಲ್ಲ. ಎಂದಿನಂತೆ ನಮಸ್ಕಾರ ಹೇಳಿ ಕಾಗದ ಜೋಡಿಸಿಕೊಂಡಳು. ನಾನು ಎದ್ದು ಹೋಗಿ ಮಗ್ಗ ಚಾಲೂ ಮಾಡಿದೆ.

ತುಳಸಿ ಲಗ್ನ ಮುಗಿದ ಮೇಲೆ ಮದುವೆ ಆಯಿತು. ಗಂಡನ ಮನೆ ತುಂಬಿದ ದಿನ ಹೆಸರು ಬದಲಿಸುವ ಪದ್ಧತಿ ಅವರಲ್ಲಿತ್ತು. ತಾಟಿನಲ್ಲಿ ಅಕ್ಕಿ ಹರವಿ ಗಂಡ ಉಂಗುರದಿಂದ ಬರೆದ: ಶೋಭಾ. ತಂಗಿ ಆ ಅಕ್ಕಿಯನ್ನು ನೋಡಿ, ಮನೆಯಲ್ಲಿ ಶೋಭಾ, ಟೀವಿಯಲ್ಲಿ ಹಳೆಯ ಹೆಸರು ಎಂದು ಕಸ್ತೂರಿಯ ಕಿವಿಯಲ್ಲಿ ಹೇಳಿ ನಕ್ಕಳಂತೆ.

ಸಂಕ್ರಾಂತಿಯ ಮುಂಚೆ ಮುಧೋಳದಿಂದ ಕರೆ ಬಂತು. ಹೋದೆ. ಪಡಸಾಲೆಯಲ್ಲಿ ಬೀಗರೆಲ್ಲ ಕುಳಿತಿದ್ದರು. ನಡುಮನೆಯ ಬಾಗಿಲಲ್ಲಿ ತಂಗಿ, ಕಾಲ ಬಳಿ ಅವಳ ಬ್ಯಾಗು. ಬೆಂಗಳೂರಿಗೆ ಹೊರಟು ನಿಂತವಳನ್ನು ತಡೆದಿದ್ದರು.

ಬೀಗತಿ ಜಗಳದ ಹೆಂಗಸಲ್ಲ. ಮೆಲ್ಲಗೆ ಕೇಳಿದರು: "ಅಣ್ಣಾರ, ನೀವು ಮಾತು ಕೊಟ್ಟಿದ್ರ್ಯೋ ಇಲ್ಲೋ?"

"ಕೊಟ್ಟಿದ್ದೆ."

"ನಿಮ್ಮ ತಂಗಿ, ನನಗ ಯಾರೂ ಹೇಳೇ ಇಲ್ಲ ಅಂತಾಳ. ಆಕೀಗಿ ಹೇಳಿದ್ರ್ಯೋ ಇಲ್ಲೋ?"

ಇಲ್ಲ ಎಂದರೆ ಅಷ್ಟು ಜನರ ಮುಂದೆ ನಾನು ಸುಳ್ಳನಾಗುತ್ತಿದ್ದೆ. ಚನ್ನಪ್ಪ ಕಾಕಾ ಅಲ್ಲಿಯೇ ಕುಳಿತಿದ್ದರು, ಸಂಜೆಯೊಳಗೆ ಸುದ್ದಿ ಬನಹಟ್ಟಿಯ ಬಜಾರ ಮುಟ್ಟುತ್ತಿತ್ತು. ನನ್ನ ತಲೆಯಲ್ಲಿ ಆಗ ಇದ್ದದ್ದು ಇಷ್ಟೇ. ಅದರಲ್ಲಿ ತಂಗಿ ಇರಲಿಲ್ಲ.

"ಹೇಳಿದ್ದೆ," ಎಂದೆ. "ಆಕೀಗಿ ಎಲ್ಲಾ ಗೊತ್ತಿತ್ತು."

ತಂಗಿ ತಲೆ ಎತ್ತಿ ನನ್ನನ್ನು ನೋಡಿದಳು. ಟೀವಿಯಲ್ಲಿ ನೋಡುತ್ತಿದ್ದ ಹಾಗೆಯೇ, ರೆಪ್ಪೆ ಬಡಿಯದೆ. ಆದರೆ ಈ ಸಲ ಗಾಜಿನ ಹಿಂದೆ ಯಾರೂ ಇಲ್ಲವೆಂದು ಅವಳಿಗೆ ಗೊತ್ತಾಗಿತ್ತು. ಬ್ಯಾಗು ಎತ್ತಿಕೊಂಡು ಒಳಗೆ ಹೋದಳು.

ಆ ಮನೆಯವರು ಅವಳನ್ನು ಹೊಡೆಯಲಿಲ್ಲ, ಬಡಿಯಲಿಲ್ಲ. ಅವಳ ಮಾತು ನಂಬುವುದನ್ನು ಬಿಟ್ಟರು. ಒಡಹುಟ್ಟಿದ ಅಣ್ಣನೇ ಎದುರು ನಿಂತು ಹೇಳಿದ ಮೇಲೆ ಅವರನ್ನು ಹೇಗೆ ದೂರಲಿ? ಹಾಲು ಒಡೆದಿದೆ ಎಂದು ಅವಳು ಹೇಳಿದರೆ ಇನ್ನೊಬ್ಬರು ಹೋಗಿ ನೋಡಿ ಬರುತ್ತಿದ್ದರು. ಇಡೀ ನಾಡಿಗೆ ಸುದ್ದಿ ಹೇಳಿದವಳ ಒಂದು ಮಾತಿಗೆ ಆ ಮನೆಯಲ್ಲಿ ಸಾಕ್ಷಿ ಬೇಕಾಗುತ್ತಿತ್ತು.

ಒಮ್ಮೆ ಹಬ್ಬಕ್ಕೆ ಹೋಗಿದ್ದೆ. ಲೋಕಾಪುರದಿಂದ ಅವರ ನೆಂಟರು ಬಂದಿದ್ದರು. ಊಟವಾದ ಮೇಲೆ ಯಾರೋ "ಸುದ್ದಿ ಓದಿ ತೋರಸವ್ವ" ಎಂದರು. ಅದು ಅಲ್ಲಿ ಬಂದವರಿಗೆಲ್ಲ ತೋರಿಸುವ ಆಟವಾಗಿತ್ತು. ನಾನೇ ಪಕ್ಕದಲ್ಲಿದ್ದ ಪೇಪರು ಎತ್ತಿ ಅವಳ ಕೈಗೆ ಕೊಟ್ಟೆ. ನಗುತ್ತಲೇ ಕೊಟ್ಟೆ. ಓದಿದಳು. ಅಕ್ಷರ ಅಷ್ಟೇ ಸ್ವಚ್ಛ. ಆದರೆ ಒಮ್ಮೆಯೂ ತಲೆ ಎತ್ತಲಿಲ್ಲ, ಎಲ್ಲವನ್ನೂ ನೆಲಕ್ಕೆ ಓದಿದಳು. "ಈಗ ನೋಡ್ರಿ, ಹೆಣ್ಣುಮಗಳಂಗ ಓದ್ತಾಳ" ಎಂದು ಅಜ್ಜಿ ಮೆಚ್ಚಿದಳು.

ನಾಲ್ಕೈದು ವರ್ಷ ಹೀಗೆಯೇ ಹೋದವು. ಮಕ್ಕಳಾಗಲಿಲ್ಲ. ಒಂದು ಬೇಸಿಗೆ, ಲೋಕಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅವಳ ಗಂಡ ಸಿಕ್ಕ. ಮುಖ ಸಣ್ಣ ಮಾಡಿಕೊಂಡಿದ್ದ.

"ಹೊಟ್ಟಿ ನೋವು ಅಂತಾಳ್ರಿ. ಬೆಂಗಳೂರಿಗೆ ಹೋಗಿ ತೋರಸ್ಕೋತೇನಿ, ಅಲ್ಲಿ ಗೆಳತ್ಯಾರದಾರ ಅಂತಾಳ. ನಮ್ಮವ್ವ, ಹೋಗಾಕ ನೆವ ತಗದಾಳ ಅಂತಾಳ. ನೀವು ಅಣ್ಣ ಅದೀರಿ, ನಿಮಗ ತಿಳೀತೈತಿ. ಖರೆ ಇದ್ದೀತೇನ್ರಿ?"

ಅವನು ನಿಜವಾಗಿಯೂ ಕೇಳುತ್ತಿದ್ದ. ನಾನು ಹೂಂ ಎಂದಿದ್ದರೆ ಕರೆದುಕೊಂಡು ಹೋಗುತ್ತಿದ್ದ. ಅವಳು ಎಂದೂ ಸುಳ್ಳು ಹೇಳಿದವಳಲ್ಲ ಎಂದು ಹೇಳಿದರೆ, ಹಾಗಾದರೆ ಆ ದಿನ ಸುಳ್ಳು ಹೇಳಿದವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು. "ನೋಡ್ರಿ, ಮಾವಿನಕಾಯಿ ದಿನ, ಏನರೆ ತಿಂದಿದ್ದಾಳು. ಸ್ವಲ್ಪ ದಿನ ಕಾಯ್ರಿ" ಎಂದೆ. ನನ್ನ ಬಸ್‌ ಬಂತು, ಹತ್ತಿದೆ.

ಅವರು ಕಾದರು. ಕಡೆಗೆ ಜಮಖಂಡಿಯ ದವಾಖಾನೆಗೆ ತಂದಾಗ ಡಾಕ್ಟರು ನಮ್ಮನ್ನು ಹೊರಗೆ ಕರೆದು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಹೊಟ್ಟೆಯ ಗಡ್ಡೆ ಕೈಮೀರಿತ್ತು. ನಾನು ಮಂಚದ ಪಕ್ಕ ಕುಳಿತೆ. ಹೇಳಬೇಕೆಂದೇ ಕುಳಿತಿದ್ದೆ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಮಗ್ಗ ಚಾಲೂ ಬಿಟ್ಟು ಬಂದೀಯೇನು?"

"ಕಸ್ತೂರಿ ಅದಾಳವ್ವ," ಎಂದೆ.

"ಹೋಗು ಹಂಗಾರ. ನೂಲು ಕಡದೀತು."

ಎದ್ದು ಬಂದೆ. ಮಗ್ಗಕ್ಕಾಗಿ ಅಲ್ಲ. ಹೋಗು ಎಂದಳಲ್ಲ ಎಂಬ ನೆವ ಸಿಕ್ಕಿತ್ತು. ಮತ್ತೆ ಅವಳನ್ನು ನೋಡಿದ್ದು ಮುಧೋಳದ ಅದೇ ಪಡಸಾಲೆಯಲ್ಲಿ, ಗೋಡೆಗೆ ಒರಗಿಸಿ ಕೂಡಿಸಿದ್ದರು, ಹಣೆಗೆ ವಿಭೂತಿ, ಕೊರಳಲ್ಲಿ ಹೂವು. ಕಣ್ಣು ಮುಚ್ಚಿದ್ದವು.

ಮಣ್ಣು ಮಾಡಿದ ಜಾಗದಲ್ಲಿ ಅವರು ಹಾಕಿಸಿದ ಕಲ್ಲಿನ ಮೇಲೆ ಶೋಭಾ ಎಂದಿದೆ. ಮುಧೋಳದಲ್ಲಿ ಆ ಹೆಸರೇ ಉಳಿದಿದೆ. ಬನಹಟ್ಟಿಯಲ್ಲಿ ಪರದೆಯ ಮೇಲಿನ ಅವಳ ಹಳೆಯ ಹೆಸರಿಗೆ ಕೈ ಮಾಡಿ ತೋರಿಸುತ್ತಿದ್ದ ಮುದುಕಿಯರಲ್ಲಿ ಒಬ್ಬರೂ ಈಗಿಲ್ಲ. ಟೀವಿ ಕೇಂದ್ರದಲ್ಲಿ ಅವಳ ಜಾಗಕ್ಕೆ ಎಷ್ಟು ಜನ ಬಂದು ಹೋದರೋ. ಕರೆಂಟು ಹೋದ ಓಣಿಯಲ್ಲಿ ನಾನು ಕುಳಿತೇ ಇದ್ದೆ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಮಗ್ಗಗಳು ಒಂದೊಂದಾಗಿ ಹೊಡೆದುಕೊಳ್ಳತೊಡಗಿದವು. ಆ ಸದ್ದಿನಲ್ಲಿ ನಾನೇ ಆಡಿದರೂ ನನಗೆ ಕೇಳಿಸದು ಎಂದು ಧೈರ್ಯ ತಂದುಕೊಂಡು, ಅಂದು ಪಡಸಾಲೆಯಲ್ಲಿ ಆಡಬೇಕಾಗಿದ್ದ ಮಾತನ್ನು ಕಟ್ಟೆಯ ಮೇಲೆ ಕುಳಿತು ಮೊದಲ ಸಲ ಬಾಯಿಬಿಟ್ಟು ಆಡಿದೆ.

ನಾ ಹೇಳಿಲ್ರಿ. ಶಿವಲೀಲಾಗ ಏನೂ ಗೊತ್ತಿದ್ದಿಲ್ಲ.